ನಿಂಬೆಹಣ್ಣಿನ ಮೇಲೆ ಹತ್ತಬೇಕಾದ ಕಾರು

ಮನೆ ಮುಂದೆ ಬಾನೆಟ್ ಎತ್ತಿದ ಹಳೇ ಕಾರೊಂದು ನಿಂತಿದ್ದರೆ ಸಾಕು, ನಗುವ ಸಂಗತಿಗಳನ್ನು ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಗೇಟು ತೆಗೆದುಕೊಂಡು ಒಳಗೆ ಬರುತ್ತವೆ. ನಮ್ಮ ಮನೆಗೆ ಹೋದ ವರ್ಷ ಪೂರ್ತಿ ಬಂದವು. ಕೆಲವಕ್ಕೆ ಕಾಫಿಯನ್ನೂ ಕೊಟ್ಟಿದ್ದೇವೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು. ಪೆಟ್ರೋಲ್ ಎಂಜಿನ್ ಹೇಗೆ ಕೆಲಸ ಮಾಡುತ್ತದೆಂದು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು ಬರೆದು ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದ್ದೇನೆ. ನಿಜವಾದ ಎಂಜಿನ್ ಮಾತ್ರ ಬಿಚ್ಚಿ ನೋಡಿರಲಿಲ್ಲ. ಬೋರ್ಡಿನ ಮೇಲಿನ ಎಂಜಿನ್ನಿಗೆ ತುಕ್ಕು ಹಿಡಿಯುವುದಿಲ್ಲ, ಅದರ ನಟ್ಟು ಉರುಳಿಹೋಗಿ ಚರಂಡಿಗೆ ಬೀಳುವುದೂ ಇಲ್ಲ. ಈ ವ್ಯತ್ಯಾಸ ನನಗೆ ತಡವಾಗಿ ತಿಳಿಯಿತು.

ಕಾರು ನನ್ನ ಅಕ್ಕನ ಗಂಡನದು. ಅವರು ಮೈಸೂರಿನ ಫ್ಲ್ಯಾಟಿಗೆ ಹೋಗುವಾಗ, "ನಿನಗೆ ಇಂಥದ್ರಲ್ಲಿ ಇಂಟರೆಸ್ಟ್ ಇದೆಯಲ್ಲಪ್ಪ, ನೀನೇ ಇಟ್ಕೋ" ಎಂದು ದೊಡ್ಡ ಮನಸ್ಸು ಮಾಡಿ ಕೊಟ್ಟರು. ಲಾರಿಯ ಮೇಲೆ ಬಂದು ಮುಖ್ಯರಸ್ತೆಯಲ್ಲೇ ಇಳಿದ ಕಾರನ್ನು ತಳ್ಳಿಕೊಂಡು ಬಂದು ಜೆ.ಪಿ. ನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿದೆವು. ಅದುವರೆಗೆ ಪೋರ್ಟಿಕೋದಲ್ಲಿ ನಿಲ್ಲುತ್ತಿದ್ದ ನನ್ನಾಕೆಯ ಸ್ಕೂಟರು ಬೀದಿಗೆ ಹೋಯಿತು. ಬೀದಿಯಲ್ಲಿ ದೊಡ್ಡ ಮರ, ಮರದ ತುಂಬ ಕಾಗೆ. ಅವಳು ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ಹಿಡಿದು ಸೀಟು ಒರೆಸುತ್ತ ನನ್ನ ಕಾರನ್ನು ನೋಡುತ್ತಿದ್ದ ನೋಟವನ್ನು ನಾನು ಬರೆದು ಹೇಳಲಾರೆ.

ಆ ವರ್ಷದ ಆಯುಧಪೂಜೆಗೆ ಎಲ್ಲರ ಗಾಡಿಯೂ ನಿಂಬೆಹಣ್ಣು ಹಿಂಡಿಕೊಂಡು ಮುಂದೆ ಹೋದರೆ ನಮ್ಮದನ್ನು ಅಕ್ಕಪಕ್ಕದವರು ಸೇರಿ "ಐಸಾ" ಎಂದು ತಳ್ಳಿ ನಿಂಬೆಹಣ್ಣಿನ ಮೇಲೆ ಹತ್ತಿಸಬೇಕಾಯಿತು. ತಳ್ಳಿದವರೆಲ್ಲ ಪ್ರಸಾದ ತಿಂದು ಹೋದ ಮೇಲೆ ನನ್ನಾಕೆ ತೀರ್ಪು ಕೊಟ್ಟಳು.

"ರೀ, ಕೇಳಿಸ್ಕೊಳ್ಳಿ. ಮುಂದಿನ ಆಯುಧಪೂಜೆಗೆ ಇದನ್ನ ಯಾರೂ ತಳ್ಳಬಾರ್ದು. ತಾನೇ ಓಡಿ ನಿಂಬೆಹಣ್ಣಿನ ಮೇಲೆ ಹತ್ಬೇಕು. ಹತ್ತಿದ್ರೆ ಪೋರ್ಟಿಕೋ ಅದಕ್ಕೇ ಇರಲಿ, ನಾನು ಬಾಯಿ ಬಿಡಲ್ಲ. ಹತ್ತಲಿಲ್ವಾ, ಮಾರನೇ ದಿನ ಗುಜರಿಯವನು ಬರ್ತಾನೆ."

ಅವಳು ಹೇಳಿದ ಮೇಲೆ ಮುಗಿಯಿತು. ನಾನು ಸ್ಪ್ಯಾನರ್ ಹಿಡಿದೆ.

ಬಾನೆಟ್ ಎತ್ತಿದರೆ ಸಭೆ

ಬೀದಿಯಲ್ಲಿ ಯಾರಾದರೂ ಎಡವಿ ಬಿದ್ದರೆ ಜನ ನಿಲ್ಲುತ್ತಾರೋ ಇಲ್ಲವೋ ಗೊತ್ತಿಲ್ಲ, ಬಾನೆಟ್ ಎತ್ತಿದರೆ ಮಾತ್ರ ನಿಂತೇ ನಿಲ್ಲುತ್ತಾರೆ. ವಾಕಿಂಗ್ ಹೊರಟವರು, ಹಾಲು ತರುವವರು, ನಾಯಿ ಹಿಡಿದುಕೊಂಡು ಬಂದವರು, ಎಲ್ಲರೂ "ಏನ್ ಸಾರ್ ಪ್ರಾಬ್ಲಂ?" ಎನ್ನುತ್ತಾರೆ. ನಾವು ಪ್ರಾಬ್ಲಂ ಹೇಳುವ ಮೊದಲೇ ಪರಿಹಾರ ಹೇಳಿರುತ್ತಾರೆ. ಒಬ್ಬರು ಬ್ಯಾಟರಿ ಅಂದರೆ ಇನ್ನೊಬ್ಬರು ಪೆಟ್ರೋಲ್ ಪಂಪ್ ಅನ್ನುತ್ತಾರೆ. ನಾಯಿಯೂ ಒಂದು ಟೈರಿನ ಹತ್ತಿರ ಹೋಗಿ ತನಗೆ ತಿಳಿದದ್ದು ಮಾಡುತ್ತದೆ.

ಮೊದಲ ಭಾನುವಾರ ಹೀಗೇ ಸಭೆ ಸೇರಿತ್ತು. ಅದರಲ್ಲಿ ಇಸ್ತ್ರಿ ಮಾಡಿದ ಬಿಳಿ ಶರಟಿನ ಒಬ್ಬರು ಮಾತ್ರ ಮಾತಾಡದೆ ಗಂಭೀರವಾಗಿ ಒಳಗೆ ಬಗ್ಗಿ ನೋಡುತ್ತಿದ್ದರು. ಆಮೇಲೆ ತೋಳು ಮಡಿಸಿ, ನನ್ನ ಕೈಯಿಂದ ಟಾರ್ಚು ತೆಗೆದುಕೊಂಡು, "ಹಂಗಲ್ರೀ ಸರ. ಆ ಪೈಪ್ ಬಿಚ್ರಿ" ಎಂದರು.

ಆ ದನಿಯಲ್ಲಿ ಎಂಥ ಭರವಸೆ ಇತ್ತೆಂದರೆ ನಾನು ಕೇಳದೆ ಬಿಚ್ಚಿದೆ. "ಈಗ ಈ ಡಬ್ಬಿ ತಗೀರಿ." ತೆಗೆದೆ. "ಒಳಗ ಊದ್ರಿ." ಊದಿದೆ. ಕಣ್ಣಿಗೆಲ್ಲ ಧೂಳು ಬಂತು. "ಈಗ ಸೆಲ್ಫ್ ಹೊಡೀರಿ." ಹೊಡೆದೆ. ಕಾರು ಮುದುಕರ ಹಾಗೆ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಅವರು ಬೇಸರಪಟ್ಟುಕೊಳ್ಳದೆ ಇನ್ನೊಂದು ಸ್ಕ್ರೂ ತೋರಿಸಿದರು. ಹೀಗೆ ಅರ್ಧ ಎಂಜಿನ್ ನೆಲದ ಮೇಲೆ ಹಳೇ ಪೇಪರಿನಲ್ಲಿ ಬಂದು ಕೂತಿತು. ಸಭೆ ಕರಗಿತು, ಅವರೊಬ್ಬರೇ ಉಳಿದರು. ಬಿಳಿ ಶರಟು ಕರಿ ಶರಟಾಗಿತ್ತು. ಇಂಥ ಮೆಕ್ಯಾನಿಕ್ಕು ತಾನಾಗಿ ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ.

ಅಷ್ಟರಲ್ಲಿ ನನ್ನಾಕೆ ಫೋನ್ ಹಿಡಿದುಕೊಂಡು ಹೊರಗೆ ಬಂದಳು. "ರೀ, ಮಹಡಿ ಮನೆ ಬಾಡಿಗೆಗೆ ನೋಡೋಕೆ ಬೆಳಿಗ್ಗೇನೇ ಬರ್ತೀನಿ ಅಂದಿದ್ರು ಒಬ್ರು. ಇನ್ನೂ ಪತ್ತೆ ಇಲ್ಲ. ಫೋನ್ ಮಾಡಿದ್ರೂ ಎತ್ತುತ್ತಿಲ್ಲ ನೋಡಿ."

ಫೋನು ರಿಂಗಾಗುತ್ತಿದ್ದದ್ದು ಅವರ ಜೇಬಿನಲ್ಲಿ.

"ನಾನೇರೀ ಮೇಡಂ ಅದು" ಎಂದರು ಅವರು, ನಾಚಿಕೊಂಡು. "ಕೈಯೆಲ್ಲ ಗ್ರೀಸ್ ಆಗಿತ್ತು, ಅದಕ್ಕ ಎತ್ತಲಿಲ್ಲ."

"ನೀವು ಮೆಕ್ಯಾನಿಕ್ ಅಲ್ವಾ?" ಎಂದೆ ನಾನು.

"ಅಲ್ರೀ ಸರ. ನಾವು ದಾವಣಗೆರೆ ಕಡೆಯವ್ರು. ಜಯನಗರದಾಗ ಬಟ್ಟೆ ಅಂಗಡಿ ಐತಿ."

"ಮತ್ತೆ ಕಾರಿನ ವಿಷಯ ಇಷ್ಟೆಲ್ಲ?"

"ನನ್ನ ಹತ್ರ ಕಾರೇ ಇಲ್ರೀ. ನಾನು ಏನು ಹೇಳಿದ್ರೂ ನೀವು ಮಾಡ್ತಿದ್ರಿ ನೋಡ್ರಿ, ಬ್ಯಾಡ ಅನ್ನೋ ಮನಸ್ಸಾಗಲಿಲ್ಲ."

ನಾನು ನೆಲದ ಮೇಲಿದ್ದ ಅರ್ಧ ಎಂಜಿನ್ನನ್ನು ನೋಡಿದೆ. ನನ್ನಾಕೆಯೂ ನೋಡಿದಳು. "ಮನೆ ನಿಮಗೇ ಕೊಡ್ತೀವಿ" ಎಂದಳು. "ಇದನ್ನ ಜೋಡಿಸೋವರೆಗೂ ಖಾಲಿ ಮಾಡೋ ಹಾಗಿಲ್ಲ, ಅಷ್ಟೆ."

ಕಾವಲಿಯ ಮೇಲೆ

ಸ್ಪಾರ್ಕ್ ಪ್ಲಗ್ಗಿಗೆ ಎಣ್ಣೆ ಅಂಟಿಕೊಂಡರೆ ಕಿಡಿ ಹಾರುವುದಿಲ್ಲ. ಬಿಚ್ಚಿ, ತಿಕ್ಕಿ, ಎಣ್ಣೆಯ ಪಸೆ ಒಂದಿಷ್ಟೂ ಇಲ್ಲದ ಹಾಗೆ ತೊಳೆದು, ಬಿಸಿ ಮಾಡಿ ಒಣಗಿಸಬೇಕು. ತಿಕ್ಕುವ ಕೆಲಸದಲ್ಲೇ ನನ್ನ ಒಂದು ಬೆಳಗು ಹೋಯಿತು. ಒಣಗಿಸಲು ಅಡುಗೆಮನೆಗಿಂತ ಒಳ್ಳೆಯ ಜಾಗ ಕಾಣಲಿಲ್ಲ. ನನ್ನಾಕೆ ತರಕಾರಿ ತರಲು ಹೋಗಿದ್ದಳು. ಹಳೇ ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಪ್ಲಗ್ಗುಗಳನ್ನು ಸಾಲಾಗಿ ಜೋಡಿಸಿದೆ.

ಅಷ್ಟರಲ್ಲಿ ಹೊರಗಿನಿಂದ ಎದುರುಮನೆಯವರು ಕರೆದರು. ಇವರು ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು. ಲೋಕದಲ್ಲಿ ಏನೇ ಕೆಟ್ಟರೂ "ಅರ್ಥಿಂಗ್ ಸರಿ ಇಲ್ಲ" ಎನ್ನುವುದು ಇವರ ಅಭಿಪ್ರಾಯ. ಕಾರಿನ ಅರ್ಥಿಂಗಿನ ಬಗ್ಗೆ ಅವರು ಹೇಳಿದ್ದನ್ನೆಲ್ಲ ಕೇಳಿ ಮುಗಿಸುವ ಹೊತ್ತಿಗೆ ಮೂಗಿಗೆ ಏನೋ ಕಮಟು ವಾಸನೆ ಬಡಿಯಿತು. ಒಳಗೆ ಓಡಿದೆ.

ಒಲೆಯ ಮುಂದೆ ನನ್ನ ಅತ್ತೆ ನಿಂತಿದ್ದರು. ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದವರು, ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಕೈಯಲ್ಲಿ ದೋಸೆ ಮಗುಚುವ ಕೈ.

"ಏನು ಅಳಿಯಂದ್ರೇ, ಒಲೆ ಮೇಲೆ ಇಟ್ಟು ಹೀಗೆ ಹೋಗ್ಬಿಡೋದಾ? ಒಂದು ಕಡೆ ಸೀದೇ ಹೋಗ್ತಿತ್ತು. ನಾನು ನೋಡಿದ್ದಕ್ಕೆ ಆಯ್ತು, ತಿರುವಿ ಹಾಕಿದೀನಿ."

"ಅತ್ತೆ, ಅದು..."

"ಎಣ್ಣೇನೂ ಹಾಕಿರ್ಲಿಲ್ಲ ನೀವು. ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಪಾಪ. ಸುತ್ತಲೂ ಧಾರಾಳವಾಗಿ ಬಿಟ್ಟಿದೀನಿ."

ನಾನು ಕಾವಲಿಯನ್ನು ನೋಡಿದೆ. ಬೆಳಗೆಲ್ಲ ತಿಕ್ಕಿ ಎಣ್ಣೆ ತೆಗೆದ ಪ್ಲಗ್ಗುಗಳು ಕಡಲೆಕಾಯಿ ಎಣ್ಣೆಯಲ್ಲಿ ಹಾಯಾಗಿ ಮಲಗಿದ್ದವು. ಅತ್ತೆ ಇನ್ನೊಂದು ಸಲ ಅವನ್ನು ಮಗುಚಿ, ಬೇಸರದಿಂದ ತಲೆ ಆಡಿಸಿದರು.

"ಯಾವ ಅಂಗಡೀಲಿ ತಂದ್ರಿ ಈ ಸಂಡಿಗೇನ? ಮೋಸ ಮಾಡಿದಾನೆ ನಿಮಗೆ. ಎಷ್ಟು ಹೊತ್ತಾದ್ರೂ ಅರಳ್ತಾನೇ ಇಲ್ಲ!"

ಹಾರನ್ ಕೇಳಿ ಬಂದವರು

ಕಾರಿನ ವೈರುಗಳನ್ನು ಇಲಿ ಕಡಿದಿತ್ತು. ಹೊಸ ವೈರು ಎಳೆಯುವ ಕೆಲಸಕ್ಕೆ ಎದುರುಮನೆಯವರು ತಾವಾಗಿಯೇ ಬಂದರು. "ಕಾರಾದ್ರೇನು, ಟ್ರಾನ್ಸ್‌ಫಾರ್ಮರ್ ಆದ್ರೇನು ಮೇಷ್ಟ್ರೇ, ಕರೆಂಟ್ ಕರೆಂಟೇ. ನೀವು ಟೇಪ್ ಕತ್ತರಿಸಿ ಕೊಡ್ತಾ ಇರಿ, ಸಾಕು." ನಾನು ಕತ್ತರಿಸಿ ಕೊಡುತ್ತ ಹೋದೆ. ಹಿಂದಿನ ದೀಪಗಳಿಗಾಗಿ ಡಿಕ್ಕಿಯನ್ನೂ ಎತ್ತಿ ನಿಲ್ಲಿಸಿದ್ದೆವು. ಅನುಕೂಲಕ್ಕೆಂದು ಕಾರನ್ನು ಗೇಟಿನಾಚೆಗೆ, ಬೀದಿಗೆ ತಳ್ಳಿಕೊಂಡಿದ್ದೆವು.

ಮಾರನೇ ದಿನ ಬೆಳಿಗ್ಗೆ ಕೆಲಸ ಮುಗಿಯಿತು. ಎದುರುಮನೆಯವರು ಬ್ಯಾಟರಿಗೆ ವೈರು ಸಿಕ್ಕಿಸಿ ನಟ್ಟನ್ನು ತಮ್ಮ ಶಕ್ತಿ ಎಲ್ಲ ಬಿಟ್ಟು ಬಿಗಿದರು. ಬಿಗಿದದ್ದೇ ತಡ, ಹಾರನ್ನು ಹೊಡೆದುಕೊಳ್ಳತೊಡಗಿತು. ಯಾರೂ ಒತ್ತಿರಲಿಲ್ಲ. ಬಿಚ್ಚೋಣವೆಂದರೆ ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಕೀ ತಿರುಗಿಸಿದೆ, ವೈಪರು ಶುರುವಾಯಿತು. ಹಾರನ್ನು ನಿಲ್ಲಲಿಲ್ಲ.

ಆಗ ಒಂದೊಂದೇ ಗೇಟು ತೆರೆಯಿತು. ಜಗಳಕ್ಕೆ ಬರುತ್ತಿದ್ದಾರೆ ಎಂದು ನಾನು ಹೆದರಿದೆ. ಬಂದವರ ಕೈಯಲ್ಲಿ ಬಕೆಟ್ಟುಗಳಿದ್ದವು, ಹಸಿ ಕಸದ್ದು ಒಂದು, ಒಣ ಕಸದ್ದು ಇನ್ನೊಂದು. ನಮ್ಮ ಬೀದಿಗೆ ಕಸದ ಗಾಡಿ ಬರುವುದು ಅದೇ ಹೊತ್ತಿಗೆ. ಅದು ಹೀಗೇ ಬಿಡದೆ ಹಾರನ್ ಹೊಡೆಯುತ್ತದೆ, ತಪ್ಪಿಸಿಕೊಂಡರೆ ಮಾರನೇ ದಿನದವರೆಗೆ ಬಕೆಟ್ಟು ನಮ್ಮ ಜೊತೆಯೇ ಇರುತ್ತದೆ. ಅದಕ್ಕೇ ಎಲ್ಲರೂ ಓಡಿ ಬರುತ್ತಾರೆ.

ಬಣ್ಣ ಹೋದ, ಡಿಕ್ಕಿ ತೆರೆದ, ಹಾರನ್ ಹೊಡೆಯುವ ಗಾಡಿ. ಮೂಲೆಮನೆಯ ಆಂಟಿ ಅನುಮಾನವೇ ಪಡದೆ ಒಂದು ಚೀಲವನ್ನು ಡಿಕ್ಕಿಯೊಳಗೆ ಇಳಿಸಿ, "ಇವತ್ತು ಬೇರೆ ಗಾಡಿ ಕಳ್ಸಿದಾರಾ?" ಎಂದು ಕೂಗಿ ಕೇಳಿದರು. ನಾನು "ಅಲ್ಲ, ಅಲ್ಲ" ಎಂದು ಕೈ ಆಡಿಸಿದೆ. ಹಾರನ್ನಿನಲ್ಲಿ ಏನು ಕೇಳಬೇಕು? ಆ ಕಡೆ ಅಲ್ಲ, ಈ ಕಡೆ ಹಾಕಿ ಎನ್ನುತ್ತಿದ್ದೇನೆ ಎಂದುಕೊಂಡು ಅವರು ಇನ್ನೊಂದು ಚೀಲವನ್ನು ಹಿಂದಿನ ಸೀಟಿನ ಮೇಲಿಟ್ಟರು. ಹಿಂದಿದ್ದವರು ಸಾಲು ನಿಂತರು.

ಎದುರುಮನೆಯವರು ಕೊನೆಗೆ ಕಟಿಂಗ್ ಪ್ಲೇಯರಿನಲ್ಲಿ ವೈರನ್ನೇ ಕತ್ತರಿಸಿದರು. ಸದ್ದು ನಿಂತಿತು. ನಾನು ಎಲ್ಲರಿಗೂ ವಿವರಿಸಿದೆ. ಪಾಪ, ಒಳ್ಳೆಯ ಜನ, ತಂತಮ್ಮ ಕಸ ವಾಪಸು ತೆಗೆದುಕೊಂಡು, ಸಾರಿ ಕೇಳಿ ಹೋದರು. ಬೀದಿ ಖಾಲಿಯಾಯಿತು.

ಅಷ್ಟರಲ್ಲಿ ನಮ್ಮ ಮನೆಯೊಳಗಿಂದ ಒಬ್ಬಳು ಎರಡೂ ಕೈಯಲ್ಲಿ ಬಕೆಟ್ ಹಿಡಿದು, "ಅಣ್ಣಾ, ಹೋಗ್ಬೇಡಿ, ಒಂದ್ನಿಮಿಷ, ಬಂದೆ!" ಎಂದು ಓಡಿ ಬಂದಳು. ನನ್ನಾಕೆ. ಬಂದವಳು ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಆದರೂ ಬಕೆಟ್ಟುಗಳನ್ನು ಡಿಕ್ಕಿಯ ಪಕ್ಕದಲ್ಲೇ ಇಟ್ಟು ಒಳಗೆ ಹೋದಳು.

ಗುಜರಿಯವನ ಷರತ್ತು

ಆಮೇಲೆ ಒಂದು ದಿನ ನನ್ನಾಕೆ ಗುಜರಿಯವನನ್ನು ಕರೆಸಿಯೇಬಿಟ್ಟಳು. "ಈಗ್ಲೇ ತಗೊಂಡು ಹೋಗು ಅಂತಲ್ಲ, ಆಯುಧಪೂಜೆ ಆದ್ಮೇಲೆ. ಸುಮ್ನೆ ನೋಡಿ ಹೋಗ್ಲಿ" ಎಂದಳು.

ಅವನು ಕಾರನ್ನು ಒಂದು ಸುತ್ತು ಬಂದ. ಬಾಗಿಲು ಎಳೆದ, ಟೈರು ಒದ್ದ, ಅಡಿಗೆ ಬಗ್ಗಿ ನೋಡಿದ. ಹೆಣ್ಣು ನೋಡಲು ಬಂದವರ ಹಾಗೆ ಗಲ್ಲದ ಮೇಲೆ ಕೈಯಿಟ್ಟು ಯೋಚನೆ ಮಾಡಿದ.

"ಮೇಡಂ, ಈ ಸಂದಿಗೆ ಎಳ್ಕೊಂಡು ಹೋಗೋ ದೊಡ್ಡ ಗಾಡಿ ಬರಲ್ಲ. ನಮ್ ಹುಡುಗ್ರು ತಳ್ಕೊಂಡು ಹೋಗೋಕೆ ನಮ್ ಗೋಡೌನು ಇರೋದು ದೂರ, ಬೇಗೂರು ಕಡೆ. ಒಂದ್ ಕೆಲ್ಸ ಮಾಡಿ. ಸಾರ್ ಕೈಲಿ ರಿಪೇರಿ ಮಾಡ್ಸಿಡಿ. ಓಡೋ ಹಂಗಾದ್ರೆ ಫೋನ್ ಮಾಡಿ, ನಾನೇ ಬಂದು ಓಡಿಸ್ಕೊಂಡು ಹೋಗಿ ಒಡೆದು ಹಾಕ್ತೀನಿ."

ಅವತ್ತಿನಿಂದ ನನ್ನಾಕೆಯೇ "ಏನ್ರೀ, ಎಲ್ಲಿಗೆ ಬಂತು ಕೆಲಸ?" ಎಂದು ಕೇಳತೊಡಗಿದಳು.

ಸೀರೆಗೆ ಮ್ಯಾಚಿಂಗ್

ಕಾರಿನ ಮೂಲ ಬಣ್ಣ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ. ಒಂದರ ಮೇಲೊಂದು ಬಣ್ಣ ಹೊಡೆಸಿದ್ದರು. ಬಾಗಿಲಿನ ರಬ್ಬರು ಕಿತ್ತಾಗ ಅದರಡಿಯಲ್ಲಿ ಹಳೆಯ ಬಣ್ಣ ಸಿಕ್ಕಿತು. ಎಳೇ ಬಾಳೆ ಸುಳಿಯ ಹಸಿರು, ನೋಡಿದರೆ ಕಣ್ಣು ತಂಪಾಗುತ್ತಿತ್ತು. ಅದನ್ನೇ ಹೊಡೆಯಬೇಕೆಂದು ಹಟ ಹಿಡಿದೆ.

ಮಹಡಿಯ ಬಟ್ಟೆ ಅಂಗಡಿಯವರು ಎಚ್ಚರಿಸಿದರು. "ಬಣ್ಣ ನೆನಪಿನಾಗ ಇಟ್ಕೊಂಡು ಹೋದ್ರ ಮೋಸ ಹೋಗ್ತೀರಿ ಸರ. ಹೆಣ್ಮಕ್ಕಳು ಸೀರೆಗೆ ಬ್ಲೌಸ್ ಪೀಸ್ ತರಾಕ ಸೀರೆ ಹಿಡ್ಕೊಂಡೇ ಬರ್ತಾರ. ನೀವೂ ಸ್ಯಾಂಪಲ್ ಒಯ್ಯಬೇಕು."

ಬಾಗಿಲು ಹೊತ್ತುಕೊಂಡು ಅಂಗಡಿಗೆ ಹೋಗುವುದು ಹೇಗೆ? ನಾವಿಬ್ಬರೂ ಹೀಗೆ ಯೋಚನೆ ಮಾಡುತ್ತಿರುವಾಗಲೇ ಮೇಲೆ ತಂತಿಯ ಮೇಲೆ ಒಣಗುತ್ತಿದ್ದ ನನ್ನಾಕೆಯ ರೇಷ್ಮೆಯಂಥ ಸೀರೆಯೊಂದು ಕಣ್ಣಿಗೆ ಬಿತ್ತು. ಅದೇ ಬಣ್ಣ! ಅವರು ಸೀರೆಯ ಅಂಚನ್ನು ಬಾಗಿಲಿಗೆ ಹಿಡಿದು, ವ್ಯಾಪಾರಿಯ ಕಣ್ಣಿನಿಂದ ನೋಡಿ, "ಒಂದು ನೂಲು ವ್ಯತ್ಯಾಸ ಇಲ್ಲ" ಎಂದು ಸರ್ಟಿಫಿಕೇಟ್ ಕೊಟ್ಟರು. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬನಶಂಕರಿಯ ಪೇಂಟ್ ಅಂಗಡಿಗೆ ಹೋದೆವು.

ಪೇಂಟಿನವರು ನಿಷ್ಠಾವಂತರು. ಅದು ಇದು ಬೆರೆಸಿ ಬಣ್ಣ ಕಲಸಿದರು. "ಬಿಸಿಲಲ್ಲಿ ನೋಡ್ಬೇಕು ಸಾರ್" ಎಂದು ಸೀರೆಯನ್ನು ಹೊರಗೆ ತಂದರು. ನಾನು ಬೇಡ ಎನ್ನುವಷ್ಟರಲ್ಲಿ ಬ್ರಷ್ಷಿನಿಂದ ಸೀರೆಯ ಮೇಲೇ ಅಂಗೈ ಅಗಲ ಬಳಿದರು.

ನಾನು ಒರೆಸಲು ಕರ್ಚೀಫ್ ತೆಗೆಯುವಷ್ಟರಲ್ಲಿ ಬಣ್ಣ ಹಿಡಿದುಬಿಟ್ಟಿತ್ತು. ಆದರೆ ಒಣಗಿದ ಮೇಲೆ ನೋಡಿದರೆ, ನಂಬಿ, ಎಲ್ಲಿ ಬಳಿದರೆಂದು ನಮ್ಮ ಮೂವರಿಗೂ ಗೊತ್ತಾಗಲಿಲ್ಲ. ಅಷ್ಟು ಸರಿಯಾಗಿ ಕೂತಿತ್ತು ಬಣ್ಣ. ಗೊತ್ತಾಗದ್ದನ್ನು ಹೇಳುವುದು ಯಾಕೆಂದು ಸೀರೆಯನ್ನು ತಂತಿಯ ಮೇಲೆ ಮೊದಲಿದ್ದ ಹಾಗೇ ಹರವಿದೆ.

ಕಾರಿಗೆ ಬಣ್ಣ ಹೊಡೆದು ಮುಗಿಸಿದ ವಾರವೇ ಅರೆಕೆರೆಯಲ್ಲಿ ಒಂದು ಗೃಹಪ್ರವೇಶ. ನನ್ನಾಕೆ ಅದೇ ಸೀರೆ ಉಟ್ಟು ಹೋದಳು. ವಾಪಸು ಬಂದವಳ ಮುಖ ನೋಡಿ ನಾನು ಸೋಫಾದಿಂದ ಎದ್ದು ನಿಂತೆ.

"ರೀ, ಪಂಕ್ತೀಲಿ ಕೂತ್ಕೊಳ್ಳೋಕೆ ಹೋದ್ರೆ ನೆರಿಗೆ ಮಡಚ್ಕೊಳ್ಳಲ್ಲ ಅನ್ನುತ್ತೆ. ಬಗ್ಗಿದ್ರೆ ಟಪ್ ಅಂತ ಸದ್ದು. ಪಕ್ಕದಲ್ಲಿದ್ದವರು ಹಪ್ಪಳ ಮುರೀತಿದೀನಿ ಅಂದ್ಕೊಂಡ್ರು."

ನಾನು ನಿಜ ಹೇಳಿದೆ. ಅವಳು ಪೋರ್ಟಿಕೋಗೆ ಹೋದಳು, ಹೊಸ ಹಸಿರು ಕಾರಿನ ಪಕ್ಕ ಅದೇ ಹಸಿರು ಸೀರೆಯಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬಹಳ ಶಾಂತವಾಗಿ ಹೇಳಿದಳು:

"ಬಣ್ಣ ಚೆನ್ನಾಗಿದೆ. ನಾಳೆ ಇದೇ ಬಣ್ಣದ ಹೊಸ ಸೀರೆ ತಗೋಬೇಕು. ಆ ಬಾಗಿಲು ಬಿಚ್ಚಿ ಕೊಡಿ, ಮ್ಯಾಚ್ ಮಾಡೋಕೆ ಅಂಗಡಿಗೆ ಒಯ್ತೀನಿ."

ಆಯುಧಪೂಜೆ

ಹಬ್ಬ ಹತ್ತಿರ ಬಂದಾಗ ಉಳಿದದ್ದು ಒಂದೇ ಕೆಲಸ. ಗೇರು ಸರಿಯಾಗಿ ಬೀಳುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವ ಗೇರಿನ ಕೋಲಿಗೂ ಗೇರ್ ಬಾಕ್ಸಿಗೂ ನಡುವೆ ಕಾರಿನ ಅಡಿಯಲ್ಲಿ ನಾಲ್ಕೈದು ಕಬ್ಬಿಣದ ಕಡ್ಡಿಗಳಿರುತ್ತವೆ. ಅವನ್ನು ಬಿಚ್ಚಿ, ತುಕ್ಕು ಉಜ್ಜಿ, ಗ್ರೀಸು ಹಚ್ಚಿ ಮತ್ತೆ ಜೋಡಿಸಬೇಕು. ಹಿಂದೆ ಅರ್ಧ ಎಂಜಿನ್ ಬಿಚ್ಚಿ ಕಲಿತ ಪಾಠದಿಂದ ನಾವೀಗ ಜಾಣರಾಗಿದ್ದೆವು. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳುವುದು, ಜೋಡಿಸುವಾಗ ಫೋಟೋ ನೋಡಿ ಜೋಡಿಸುವುದು.

ಕಾರು ಇಟ್ಟಿಗೆಯ ಮೇಲಿತ್ತು. ಅಡಿಗೆ ಕೈ ತೂರಿಸಿ ಕೆಲಸ ಮಾಡಬಹುದಿತ್ತೇ ಹೊರತು ತಲೆ ತೂರಿಸಿ ಫೋಟೋ ತೆಗೆಯುವಷ್ಟು ಜಾಗವಿರಲಿಲ್ಲ. ಬಟ್ಟೆ ಅಂಗಡಿಯವರೇ ಉಪಾಯ ಹೇಳಿದರು. ಫೋನನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಸೆಲ್ಫಿ ಕ್ಯಾಮೆರಾ ಹಾಕಿ, ಕಾರಿನಡಿಗೆ ಮೆಲ್ಲಗೆ ತಳ್ಳಿದರು. ಫೋಟೋ ಕನ್ನಡಿಯಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬಂತು. ಆ ಫೋಟೋ ಮುಂದಿಟ್ಟುಕೊಂಡು, ಒಂದು ಕಡ್ಡಿಯೂ ತಪ್ಪದ ಹಾಗೆ, ಫೋಟೋದಲ್ಲಿ ಹೇಗಿತ್ತೋ ಹಾಗೇ ಜೋಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇನ್ನಾವ ಕೆಲಸವನ್ನೂ ಮಾಡಿಲ್ಲ.

ಹಬ್ಬದ ಬೆಳಿಗ್ಗೆ ಇಟ್ಟಿಗೆ ತೆಗೆದು ಕಾರನ್ನು ಬೀದಿಗೆ ಇಳಿಸಿದೆವು. ಬಾಳೆಕಂದು ಕಟ್ಟಿದೆವು, ಸೇವಂತಿಗೆ ಹಾರ ಹಾಕಿದೆವು. ನಮ್ಮ ಬೀದಿಯ ಮೂಲೆಯ ಗಣಪತಿ ಗುಡಿಯ ಅರ್ಚಕರು ಬಂದು ಅರಿಶಿನ ಕುಂಕುಮ ಇಟ್ಟು ಮಂಗಳಾರತಿ ಎತ್ತಿದರು. ಷರತ್ತಿನ ಸುದ್ದಿ ಬೀದಿಗೆಲ್ಲ ಗೊತ್ತಿತ್ತು. ಎದುರುಮನೆಯವರು ಕುರ್ಚಿ ತಂದು ಹಾಕಿಕೊಂಡಿದ್ದರು. ಅತ್ತೆಗೂ ಒಂದು ಕುರ್ಚಿ. ನನ್ನಾಕೆ ತಟ್ಟೆಯಿಂದ ನಾಲ್ಕು ನಿಂಬೆಹಣ್ಣು ತೆಗೆದು ಒಂದೊಂದು ಟೈರಿನ ಮುಂದೆ ಒಂದೊಂದು ಇಟ್ಟು ದೂರ ಸರಿದು ನಿಂತಳು. ಅವಳ ಮುಖದಲ್ಲಿ ಏನಿದೆ ಎಂದು ನನಗೆ ತಿಳಿಯಲಿಲ್ಲ. ನಾನು ಹೋಗಿ ಸ್ಟೀರಿಂಗ್ ಮುಂದೆ ಕೂತೆ. ಒಂದು ವರ್ಷದ ಭಾನುವಾರಗಳೆಲ್ಲ ಆ ನಾಲ್ಕು ಹಣ್ಣಿನ ಹಿಂದೆ ನಿಂತಿದ್ದವು.

ಕೀ ತಿರುಗಿಸಿದೆ. ಮೊದಲ ಸಲಕ್ಕೇ ಎಂಜಿನ್ ಸ್ಟಾರ್ಟ್ ಆಯಿತು. ಜನ ಚಪ್ಪಾಳೆ ಹೊಡೆದರು. ಬಟ್ಟೆ ಅಂಗಡಿಯವರು "ಹೋಗ್ಲಿ ಸರ!" ಎಂದು ಕೂಗಿದರು. ನಾನು ಕ್ಲಚ್ ಒತ್ತಿ, ಫಸ್ಟ್ ಗೇರ್ ಹಾಕಿ, ದೇವರನ್ನು ನೆನೆದು ಕಾಲು ಬಿಟ್ಟೆ.

ಕಾರು ಹಿಂದಕ್ಕೆ ಹೋಯಿತು.

ಹಿಂದೆ ನಿಂತವರು ಚೀರಿ ಚೆದುರಿದರು. ಬ್ರೇಕ್ ಒತ್ತಿದೆ. ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು, ನಾವೇ ಅವುಗಳಿಂದ ದೂರ ಬಂದಿದ್ದೆವು. ಏನೋ ಕೈತಪ್ಪಾಗಿದೆ ಎಂದು ಮತ್ತೆ ಗಟ್ಟಿಯಾಗಿ ಫಸ್ಟ್ ಗೇರ್ ಹಾಕಿದೆ. ಇನ್ನಷ್ಟು ಹಿಂದಕ್ಕೆ. ಹಾಗಾದರೆ ರಿವರ್ಸ್ ಹಾಕಿದರೆ ಮುಂದೆ ಹೋಗಬೇಕಲ್ಲ ಎಂದು ಹಾಕಲು ನೋಡಿದೆ, ಖರ್ ಎಂದು ಕಿರುಚಿತೇ ಹೊರತು ಬೀಳಲಿಲ್ಲ. ಆಗ ನನಗೊಂದು ಸತ್ಯ ಹೊಳೆಯಿತು. ಸೆಲ್ಫಿ ಕ್ಯಾಮೆರಾ ಕನ್ನಡಿಯ ಹಾಗೇ ತೋರಿಸುತ್ತದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಫೋಟೋ ನೋಡಿ ಕಡ್ಡಿಗಳನ್ನೆಲ್ಲ ನಾನು ಎಡಬಲ ಅದಲುಬದಲು ಮಾಡಿ ಜೋಡಿಸಿದ್ದೆ. ಇದನ್ನು ನಾನು ಸರ್ವೀಸು ಪೂರ್ತಿ ಎಂಟನೇ ಕ್ಲಾಸಿಗೆ ಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ತಪ್ಪು ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ನಾನು ಸ್ಟೀರಿಂಗ್ ಹಿಡಿದುಕೊಂಡು ತಲೆ ತಗ್ಗಿಸಿ ಕೂತೆ. ಅಳು ಬಂದಂತಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎದುರುಮನೆಯವರು ಕುರ್ಚಿಯಿಂದ ಎದ್ದು, ಪಾಪ, ಬಹಳ ಸಂಕೋಚದಿಂದ, "ಹಾಗಾದ್ರೆ ಮೇಡಂ... ಗುಜರಿಯವನಿಗೆ ಹೇಳೋದೇನಾ?" ಎಂದರು.

ನನ್ನಾಕೆ ಆರತಿ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೀದಿಯ ನಡುವೆ ಬಂದು, ಬಗ್ಗಿ, ನಾಲ್ಕೂ ನಿಂಬೆಹಣ್ಣುಗಳನ್ನು ಎತ್ತಿಕೊಂಡಳು. ಕಾರನ್ನು ಸುತ್ತಿ ಬಂದು ನಾಲ್ಕೂ ಟೈರುಗಳ ಹಿಂದೆ ಒಂದೊಂದಾಗಿ ಇಟ್ಟಳು.

"ಮೇಡಂ, ಇದು ಷರತ್ತಿಗೆ..." ಎಂದರು ಎದುರುಮನೆಯವರು.

"ಷರತ್ತು ಹಾಕಿದ್ದು ಯಾರು?"

"ನೀವೇ."

"ಯಾರೂ ತಳ್ಳಬಾರ್ದು, ತಾನೇ ಓಡಿ ಹತ್ಬೇಕು ಅಂದಿದ್ದೆ. ಈಗ ಯಾರಾದ್ರೂ ತಳ್ಳಿದ್ರಾ? ಯಾವ ಕಡೆಗೆ ಓಡ್ಬೇಕು ಅಂತ ನಾನು ಹೇಳೇ ಇರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನೀವೇನು ಹಾಗೆ ಕೂತ್ಬಿಟ್ರಿ? ಹಾಕಿ ನಿಮ್ಮ ಫಸ್ಟ್ ಗೇರು" ಎಂದಳು.

ಹಾಕಿದೆ. ಹಸಿರು ಕಾರು ಹೆಮ್ಮೆಯಿಂದ ಹಿಂದಕ್ಕೆ ಚಲಿಸಿತು. ಚಟ್, ಚಟ್, ಚಟ್, ಚಟ್. ನಾಲ್ಕೂ ಹಣ್ಣು ಪಚ್ಚೆಂದವು. ಅರ್ಚಕರು ಕುಂಬಳಕಾಯಿ ಒಡೆದರು. ಎದುರುಮನೆಯವರೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ನನ್ನ ಕಣ್ಣು ಮಂಜಾಗಿ ಎದುರಿಗಿದ್ದ ಹಾರ ಎರಡೆರಡಾಗಿ ಕಾಣುತ್ತಿತ್ತು.

ಪೂಜೆಯಾದ ಗಾಡಿಯನ್ನು ಗುಡಿಯ ಮುಂದೆ ಒಯ್ದು ಕೈ ಮುಗಿದು ಬರುವುದು ನಮ್ಮ ಬೀದಿಯ ಪದ್ಧತಿ. ನನ್ನಾಕೆ ಬಂದು ಮುಂದಿನ ಬಾಗಿಲು ತೆಗೆದು ಪಕ್ಕದಲ್ಲಿ ಕೂತು, ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ನಡೀರಿ, ಗುಡಿಗೆ."

"ಏ, ಇದು ಹಿಂದಕ್ಕೇ ಹೋಗೋದು ಕಣೇ."

"ಗುಡಿ ಇರೋದೂ ನಮ್ಮ ಹಿಂದ್ಗಡೇನೇ ಅಲ್ವಾ?" ಎಂದಳು ನನ್ನಾಕೆ. "ಮುಂದಕ್ಕೆ ಹೋಗೋ ಕಾರಾಗಿದ್ರೆ ತಿರುಗಿಸ್ಕೊಂಡು ಹೋಗ್ಬೇಕಿತ್ತು. ಹೊರಡಿ."